ನಾಲ್ಕು, ಏಳು, ಹತ್ತು

ಜನವರಿ 12

ಬಾಲಂಗೋಚಿಗೆ,

ಹೋದ ತಿಂಗಳು ಫೋನಿನಲ್ಲಿ ಆಡಿದ ಮಾತನ್ನು ಇಬ್ಬರೂ ಮರೆತುಬಿಡೋಣ. ಅಮ್ಮನ ಅಪ್ಪಣೆ ಆಗಿದೆ: ಇನ್ನು ಮುಂದೆ ಅಕ್ಕ ತಂಗಿ ಕೆಲಸದ ವಿಷಯವನ್ನು ಕಾಗದದಲ್ಲೇ ಬರೆದುಕೊಳ್ಳಬೇಕು. "ಅಂಚೆ ಡಬ್ಬಿ ತನಕ ನಡೆಯೋಷ್ಟರಲ್ಲಿ ಅರ್ಧ ಕೋಪ ಇಳಿಯುತ್ತೆ" ಎಂದಳು. ಡಬ್ಬಿ ಇರುವುದು ನಮ್ಮ ಗೇಟಿನ ಎದುರಿಗೇ, ಹನ್ನೆರಡು ಹೆಜ್ಜೆ. ಅದನ್ನು ನಾನು ಅವಳಿಗೆ ನೆನಪಿಸಲಿಲ್ಲ.

ಮುಚ್ಚುಮರೆ ಯಾಕೆ, ನನಗೆ ಹೊಟ್ಟೆಕಿಚ್ಚಿದೆ. ಒಂದೇ ಹುದ್ದೆಗೆ ಇಬ್ಬರೂ ಅರ್ಜಿ ಹಾಕಿದೆವು, ಅವರು ನಿನ್ನನ್ನು ಕರೆದರು. ನಿನಗೀಗ ನಾಲ್ಕು ಮೀಟರ್ ಕನ್ನಡಿಯ ದೂರದರ್ಶಕ. ನನಗೆ ಅದೇ ಹಳೆಯ ಒಂದು ಮೀಟರ್, ಅದರ ಗುಮ್ಮಟದ ಬಾಗಿಲನ್ನು ಈಗಲೂ ಭುಜ ಕೊಟ್ಟು ತಳ್ಳಬೇಕು. ಬೆಳಕನ್ನು ಅಳೆಯುವುದು ಹೇಗೆಂದು ನಿನಗೆ ಕಲಿಸಿದವಳು ನಾನು. ಕಲಿಸಿದವಳು ಇಲ್ಲೇ ಉಳಿದಳು. ಇಷ್ಟು ಹೇಳಿದ ಮೇಲೆ ಎದೆ ಸ್ವಲ್ಪ ಹಗುರವಾಯಿತು, ಈಗ ಕೆಲಸಕ್ಕೆ ಬರುತ್ತೇನೆ.

ಮೊನ್ನೆ ಅಮ್ಮ ಕೇಳಿದಳು, ಎರಡು ವರ್ಷದಿಂದ ಆ ಕಲ್ಲಿನ ಹಿಂದೆ ಬಿದ್ದಿದ್ದೀಯಲ್ಲ, ಅಂಥದ್ದೇನಿದೆ ಅದರಲ್ಲಿ ಎಂದು. ಹೀಗೆ ವಿವರಿಸಿದೆ, ಸರಿಯೋ ನೋಡು. ಸೂರ್ಯನ ಬೆಳಕು ಎಲ್ಲ ದಿಕ್ಕಿಗೂ ಸಮನಾಗಿ ಅದುರುತ್ತಾ ಬರುತ್ತದೆ. ಕ್ಷುದ್ರಗ್ರಹದ ಮೈಗೆ ತಗುಲಿ ಹಿಂತಿರುಗುವಾಗ ಒಂದು ದಿಕ್ಕಿನ ಅದುರು ಒಂದಿಷ್ಟು ಹೆಚ್ಚಾಗುತ್ತದೆ, ನೂರಕ್ಕೆ ಒಂದು ಪಾಲೂ ಇಲ್ಲ. ಅದೇ ಧ್ರುವಣ. ಸೂರ್ಯ ನಮ್ಮ ಬೆನ್ನ ಹಿಂದೆ ಇದ್ದಂತಿರುವಾಗ ಆ ಹೆಚ್ಚಿನ ಪಾಲು ಸೂರ್ಯ, ಕಲ್ಲು, ನಾವು ಈ ಮೂರನ್ನು ಸೇರಿಸುವ ಗೆರೆಯ ಉದ್ದಕ್ಕೆ ನೇರವಾಗಿ ಮಲಗಿರುತ್ತದೆ. ಕಲ್ಲಿನಿಂದ ನೋಡಿದರೆ ಸೂರ್ಯನಿಗೂ ನಮಗೂ ನಡುವೆ ಇರುವ ಕೋನ ಬಿಚ್ಚಿಕೊಳ್ಳುತ್ತಾ ಇಪ್ಪತ್ತು ಡಿಗ್ರಿ ದಾಟಿದರೆ ಅಡ್ಡಕ್ಕೆ ತಿರುಗುತ್ತದೆ. ಸಾಮಾನ್ಯವಾಗಿ ಎಲ್ಲ ಕಲ್ಲುಗಳ ನಡತೆಯೂ ಇದೇ. ಎಲ್ಲೋ ಕೆಲವು ಮಾತ್ರ ಇಪ್ಪತ್ತೆಂಟರ ತನಕವೂ ತಿರುಗದೆ ಹಠ ಹಿಡಿಯುತ್ತವೆ, ಅವುಗಳ ಮೈಯಲ್ಲಿ ಬಹಳ ಹಳೆಯ ಕಾಲದ ಚೂರುಗಳಿರಬಹುದು ಎಂಬ ಊಹೆ ಇದೆ. ಅಮ್ಮ ಇಷ್ಟನ್ನೂ ಕೇಳಿ, "ನಿನ್ನ ಹಾಗೇ ಅನ್ನು" ಎಂದಳು.

ನಮ್ಮ ಕಲ್ಲು, ಆ ಮೊಂಡ, ಇಪ್ಪತ್ತೆರಡು ಡಿಗ್ರಿಯಲ್ಲೂ ನೇರವಾಗಿಯೇ ಇದ್ದ. ಹನ್ನೊಂದು ಸಲ ಅಳೆದಿದ್ದೇನೆ. ಆದರೆ ಈಗ ಅವನು ದೂರ ಹೋಗುತ್ತಿದ್ದಾನೆ, ನನ್ನ ಕನ್ನಡಿಗೆ ಮಂಕಾಗಿದ್ದಾನೆ. ನನ್ನ ಹನ್ನೊಂದು ಅಳತೆಯನ್ನು ಯಾರೂ ನಂಬುತ್ತಿಲ್ಲ, ಹಳೆ ಯಂತ್ರ ಎಂದು ಮುಗುಳ್ನಗುತ್ತಾರೆ. ಫೆಬ್ರವರಿಯಲ್ಲಿ ಇಪ್ಪತ್ತಾರರ ಹತ್ತಿರ ಅವನನ್ನು ಹಿಡಿಯಬಲ್ಲದ್ದು ನಿನ್ನ ದೂರದರ್ಶಕವೊಂದೇ. ತಪ್ಪಿದರೆ ಮತ್ತೆ ಹತ್ತಿರ ಬರುವುದು ಹನ್ನೊಂದು ವರ್ಷಕ್ಕೆ. ಆಗ ನನಗೆ ಐವತ್ತೇಳು.

ಮೂರು ರಾತ್ರಿ ಕೊಡಿಸು. ಕೇಳುವುದಕ್ಕೆ ನಾಲಿಗೆ ಬರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕ

*

ಜನವರಿ 24

ಅಕ್ಕಾ,

ನಿನ್ನ ಕಾಗದವನ್ನು ಊಟದ ಕೋಣೆಯಲ್ಲಿ ನಿಂತುಕೊಂಡೇ ಓದಿದೆ. ಅಮ್ಮನ ಮಾತಿಗೆ ಒಬ್ಬಳೇ ನಕ್ಕೆ. ಪಕ್ಕದಲ್ಲಿದ್ದ ಗಣಕದವನು ಏನಾಯಿತೆಂದು ಕೇಳಿದ. ಅಕ್ಕ ನನ್ನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದಾಳೆ, ಅದನ್ನು ಲಿಖಿತವಾಗಿ ಕೊಟ್ಟಿದ್ದಾಳೆ ಎಂದೆ.

ನೀನು ಕಿಚ್ಚುಪಡುವ ಜಾಗ ಹೇಗಿದೆ ಗೊತ್ತಾ? ನನ್ನ ಕೋಣೆಗೆ ಒಂದೇ ಕಿಟಕಿ, ಅದರ ಆಚೆ ನೀರಿನ ಟ್ಯಾಂಕು. ದೂರದರ್ಶಕ ಇರುವ ಗುಮ್ಮಟಕ್ಕೂ ನಾವು ಕೂರುವ ಕೋಣೆಗೂ ಅರ್ಧ ಕಿಲೋಮೀಟರು. ಐದು ಪರದೆಗಳ ಮುಂದೆ ಗಾಲಿ ಕುರ್ಚಿಯಲ್ಲಿ ಕೂತು ಗುಂಡಿ ಒತ್ತುವುದೇ ಕೆಲಸ. ಬಂದು ನಾಲ್ಕು ತಿಂಗಳಾಯಿತು, ದೂರದರ್ಶಕವನ್ನು ಒಂದು ಸಲವೂ ಕೈಯಿಂದ ಮುಟ್ಟಿಲ್ಲ. ಹೋದ ವಾರ ಧ್ರುವಣಮಾಪಕವನ್ನು ಬಿಚ್ಚಿ ಒರೆಸಿದಾಗ ಮಾತ್ರ ಒಂದು ಅವಕಾಶ ಸಿಕ್ಕಿತು. ತಿರುಗುವ ಸ್ಫಟಿಕದ ತಟ್ಟೆಯನ್ನು ಮತ್ತೆ ಕೂರಿಸಿದ್ದು ನಾನೇ, ನೀನು ಕಲಿಸಿದ ಹಾಗೆ ಉಸಿರು ಬಿಗಿಹಿಡಿದು.

ರಾತ್ರಿಗಳು ಸಿಕ್ಕಿವೆ. ಫೆಬ್ರವರಿ 8, 13, 18. ಪ್ರತಿ ರಾತ್ರಿ ಎರಡೇ ಗಂಟೆ, ಉಳಿದದ್ದು ಬೇರೆಯವರದು. ನಿರ್ದೇಶಕಿಯ ಹತ್ತಿರ ಮೂರು ಸಲ ಹೋಗಿ ಕೇಳಿದೆ. ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ ಎಂಬುದು ನಿನಗೆ ಗೊತ್ತು. ಏಪ್ರಿಲ್ 20ರ ಸಭೆಯಲ್ಲಿ ನಾನು ಮಂಡಿಸುವ ವಿಷಯ ನೋಡಿ ಮೇ ತಿಂಗಳಲ್ಲಿ ತೀರ್ಮಾನ ಮಾಡುತ್ತಾರಂತೆ. ಹಾಗಾಗಿ ಮೊಂಡನ ಕೈಯಲ್ಲಿ ನಿನ್ನ ಜುಟ್ಟೂ ಇದೆ, ನನ್ನದೂ ಇದೆ.

ಲೇಖನದಲ್ಲಿ ಯಾರ ಹೆಸರು ಮೊದಲು ಎಂಬುದನ್ನು ಫಲಿತಾಂಶ ಬಂದ ಮೇಲೆ ಮಾತಾಡೋಣ. ಇಲ್ಲಿಯ ನಿಯಮಗಳು ಸ್ವಲ್ಪ ಬೇರೆ. ಅಮ್ಮನ ಕಣ್ಣಿನ ಪೊರೆ ತೆಗೆಸುವುದು ಯಾವಾಗ?

ಬಾಲಂಗೋಚಿ

*

ಫೆಬ್ರವರಿ 4

ತಂಗಿಗೆ,

"ಫಲಿತಾಂಶ ಬಂದ ಮೇಲೆ ಮಾತಾಡೋಣ." ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರೆದಿದ್ದೀಯ.

ಮೊಂಡನನ್ನು ಕಂಡವಳು ಯಾರು? ಅವನಿಗೆ ಹೆಸರಿಟ್ಟವಳು ಯಾರು? ಗುಮ್ಮಟದೊಳಗೆ ಬೆರಳು ಮರಗಟ್ಟಿ, ತಟ್ಟೆಯನ್ನು ನಾಲ್ಕು ಸ್ಥಾನಕ್ಕೂ ಕೈಯಿಂದ ತಿರುಗಿಸಿ, ಒಂದೊಂದು ಅಳತೆಯನ್ನೂ ಮೂರು ಸಲ ಲೆಕ್ಕ ಹಾಕಿದವಳು ಯಾರು? ನೀನು ಮೂರು ದಿನ ಗಾಲಿ ಕುರ್ಚಿಯಲ್ಲಿ ಕೂತು ಗುಂಡಿ ಒತ್ತುತ್ತೀಯ. ಗೆದ್ದಲು ಕಷ್ಟಪಟ್ಟು ಹುತ್ತ ಕಟ್ಟಿದರೆ ಹಾವು ಬಂದು ಸೇರಿಕೊಂಡಿತಂತೆ. ಗಾದೆ ಮಾಡಿದವರಿಗೂ ಒಬ್ಬಳು ತಂಗಿ ಇದ್ದಿರಬೇಕು.

ಚಿಕ್ಕಂದಿನಲ್ಲಿ ನನ್ನ ಹಳೇ ಕೋಟು ನಿನಗೆ ಬರುತ್ತಿತ್ತು. ನಾನು ಹಾಕಿಕೊಂಡಾಗ ಯಾರೂ ಏನೂ ಅನ್ನುತ್ತಿರಲಿಲ್ಲ. ಅದೇ ಕೋಟು ನಿನ್ನ ಮೈಮೇಲೆ ಬಂದ ಕೂಡಲೇ ಚಿಕ್ಕಮ್ಮ, ದೊಡ್ಡಮ್ಮ ಎಲ್ಲರೂ ಆಹಾ ಎನ್ನುತ್ತಿದ್ದರು. ನನಗೆ ಆ ಹೊಟ್ಟೆನೋವು ಇನ್ನೂ ಹೋಗಿಲ್ಲ. ಅಮ್ಮನೂ ಅಷ್ಟೇ. ನಿನ್ನ ಕಾಗದ ಬಂದರೆ ಎರಡು ಸಲ ಓದಿಸಿಕೊಳ್ಳುತ್ತಾಳೆ. ದಿನಾ ಎದುರಿಗೆ ಕೂತು ಉಣ್ಣುವ ನನ್ನನ್ನು ಯಾರು ಓದುತ್ತಾರೆ? ಹಿತ್ತಲ ಗಿಡ ಮದ್ದಲ್ಲ.

ಅಳೆಯುವಾಗ ಎರಡು ನಕ್ಷತ್ರ ನೋಡುವುದನ್ನು ಮರೆಯಬೇಡ. ಧ್ರುವಣವೇ ಇಲ್ಲದ್ದು ಒಂದು, ಬಹಳ ಇರುವುದು ಇನ್ನೊಂದು. ಇದನ್ನು ಸಿಟ್ಟಿನಲ್ಲಿ ಬರೆಯುತ್ತಿಲ್ಲ, ಇದು ಕೆಲಸದ ಮಾತು. ಅಮ್ಮನ ಕಣ್ಣಿನ ಆಪರೇಷನ್ ಮಾರ್ಚ್ ಮೊದಲ ವಾರದಲ್ಲಿ.

ಅಕ್ಕ

*

ಫೆಬ್ರವರಿ 27

ಅಕ್ಕಾ,

ನಿನ್ನ ಹೋದ ಕಾಗದಕ್ಕೆ ಉತ್ತರ ಬರೆಯಲು ಕೂತು ನಾಲ್ಕು ಹಾಳೆ ಹರಿದೆ. ಈಗ ಬರೆಯಬೇಕಾದದ್ದು ಅದಕ್ಕಿಂತ ಕಷ್ಟದ್ದು. ಕುರ್ಚಿಯಲ್ಲಿ ಕೂತು ಓದು.

ಮೊಂಡ ತಿರುಗಿದ್ದಾನೆ, ಅಕ್ಕಾ. ಮೂರು ರಾತ್ರಿಯೂ ಅಡ್ಡಕ್ಕೇ ಬಂದ. ಇಪ್ಪತ್ತಾರು ಡಿಗ್ರಿಯ ಹತ್ತಿರ ನೂರಕ್ಕೆ ಅರ್ಧ ಪಾಲಿನಷ್ಟು ಧ್ರುವಣ, ನಿಚ್ಚಳವಾಗಿ ಅಡ್ಡ. ಎಲ್ಲ ಕಲ್ಲಿನ ಹಾಗೆ ಇವನೂ ಒಂದು ಕಲ್ಲು. ದಿಕ್ಕು ಮಾತ್ರ ಪೂರ್ತಿ ಅಡ್ಡವಾಗಿಲ್ಲ, ಸ್ವಲ್ಪ ಆಚೀಚೆ ಇದೆ: ಮೊದಲ ರಾತ್ರಿ ನಾಲ್ಕು ಡಿಗ್ರಿ, ಎರಡನೆಯ ರಾತ್ರಿ ಏಳು, ಮೂರನೆಯ ರಾತ್ರಿ ಹತ್ತು. ಇಷ್ಟು ಮಂಕಾದ ಕಲ್ಲಿಗೆ ಅಷ್ಟು ತಪ್ಪು ಇದ್ದೇ ಇರುತ್ತದೆ ಎಂಬುದು ಇಲ್ಲಿಯವರ ಅಭಿಪ್ರಾಯ.

ನಕ್ಷತ್ರದ ವಿಷಯದಲ್ಲಿ ನಿನ್ನ ಮಾತು ಪೂರ್ತಿ ನಡೆಸಲಾಗಲಿಲ್ಲ. ಎರಡೇ ಗಂಟೆ ಇತ್ತು, ಮೊಂಡನಿಗೇ ಸಾಲದು. ಧ್ರುವಣ ಇಲ್ಲದ ನಕ್ಷತ್ರವೊಂದನ್ನು ನೋಡಿದೆ, ಸೊನ್ನೆ ಸೊನ್ನೆಯಾಗಿಯೇ ಬಂತು. ಯಂತ್ರ ಸರಿಯಾಗಿದೆ ಎಂದು ಅದರಿಂದ ತಿಳಿಯಿತು.

ನಿನ್ನ ಹನ್ನೊಂದು ಅಳತೆಗಳ ಬಗ್ಗೆ ಯೋಚಿಸುತ್ತಲೇ ಇದ್ದೇನೆ. ಆಗ ಚಂದ್ರ ಹತ್ತಿರದಲ್ಲಿದ್ದನಾ? ಕನ್ನಡಿಗೆ ಹೊಸ ಲೇಪ ಹಾಕಿಸಿ ಎಷ್ಟು ವರ್ಷವಾಯಿತು? ನಿನ್ನ ತಪ್ಪು ಎಂದು ನಾನು ಹೇಳುತ್ತಿಲ್ಲ, ಆ ಯಂತ್ರಕ್ಕೂ ವಯಸ್ಸಾಯಿತು. ಅಷ್ಟು ಹಳೆಯದರಲ್ಲಿ ಅಷ್ಟಾದರೂ ಮಾಡಿದ್ದು ನೀನು ಒಬ್ಬಳೇ. ಇಲ್ಲಿ ಎಲ್ಲರಿಗೂ ಅದನ್ನೇ ಹೇಳುತ್ತೇನೆ.

ಏಪ್ರಿಲ್ 20ಕ್ಕೆ ಇದನ್ನೇ ಮಂಡಿಸು ಎಂದು ನಿರ್ದೇಶಕಿ ಹೇಳಿದ್ದಾರೆ. ನನಗೆ ಬೇರೆ ದಾರಿಯೂ ಇಲ್ಲ. ನಿನ್ನ ಅಳತೆ ತಪ್ಪೆಂದು ನಾಲ್ಕು ಜನರೆದುರು ನಾನೇ ಹೇಳಬೇಕು. ಮೂರು ರಾತ್ರಿಯ ಅಂಕಿಗಳೆಲ್ಲ ಇದರ ಜೊತೆಗಿವೆ. ಬೈಯುವುದಿದ್ದರೆ ಬೈದುಬಿಡು.

ಬಾಲಂಗೋಚಿ

*

ಮಾರ್ಚ್ 8

ಬಾಲಂಗೋಚಿಗೆ,

ಇದನ್ನು ಕಳಿಸುವುದಿಲ್ಲ. ಬರೆಯದಿದ್ದರೆ ಅಮ್ಮನ ಮುಂದೆ ಬಾಯಿ ಬಿಟ್ಟುಬಿಡುತ್ತೇನೆ, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನೆ ನಿನ್ನ ಕಾಗದ ಬಂತು. ಎರಡು ವರ್ಷ ನೀರಲ್ಲಿ ಹೋಮ. ಅದಕ್ಕಿಂತ ಉರಿದದ್ದು ನಿನ್ನ ಕನಿಕರ. "ಅಷ್ಟಾದರೂ ಮಾಡಿದ್ದು ನೀನು ಒಬ್ಬಳೇ." ಕುಂಟುವ ಮುದಿ ಕುದುರೆಯ ಬೆನ್ನು ತಟ್ಟಿದ ಹಾಗಿತ್ತು. ರಾತ್ರಿ ಊಟ ಸೇರಲಿಲ್ಲ.

ಇವತ್ತು ಬೆಳಿಗ್ಗೆ ಕಚೇರಿಯ ಮೇಜಿನ ಮೇಲೆ ನಿನ್ನ ಅಂಕಿಗಳನ್ನು ಹರಡಿಕೊಂಡು ಕೂತೆ. ನಿನ್ನ ಲೆಕ್ಕದಲ್ಲಿ ಒಂದು ಹುಳುಕಾದರೂ ಸಿಗಲಿ ಎಂದೇ ಕೂತೆ, ಸುಳ್ಳು ಯಾಕೆ ಹೇಳಲಿ. ನಾಲ್ಕು, ಏಳು, ಹತ್ತು. ತಪ್ಪು ಎನ್ನುವುದು ಹೀಗೆ ಸಾಲಾಗಿ ಮೆಟ್ಟಿಲು ಹತ್ತುತ್ತದೆಯೇ? ಮಂಕಿನಿಂದ ಆದ ತಪ್ಪಾದರೆ ಒಮ್ಮೆ ಆಚೆ, ಒಮ್ಮೆ ಈಚೆ ಬೀಳಬೇಕು. ಇದು ಐದು ದಿನಕ್ಕೆ ಮೂರು ಡಿಗ್ರಿಯಂತೆ ನಡೆದುಕೊಂಡು ಹೋಗಿದೆ. ಆ ದಿನಗಳಲ್ಲಿ ಸೂರ್ಯನನ್ನೂ ಕಲ್ಲನ್ನೂ ಸೇರಿಸುವ ಗೆರೆ ಆಕಾಶದಲ್ಲಿ ಎಷ್ಟು ಡಿಗ್ರಿ ವಾಲಿತ್ತೆಂದು ತೆಗೆದು ನೋಡಿದೆ. ನಲವತ್ಮೂರು, ನಲವತ್ತೊಂದೂವರೆ, ನಲವತ್ತು. ಒಂದೊಂದನ್ನೂ ಇಮ್ಮಡಿಸಿ ತೊಂಬತ್ತರಿಂದ ಕಳೆದರೆ ಅದೇ ನಾಲ್ಕು, ಏಳು, ಹತ್ತು. ಆಮೇಲೆ ಲೆಕ್ಕ ಹಾಕುವುದೇನೂ ಉಳಿದಿರಲಿಲ್ಲ.

ತಟ್ಟೆಯನ್ನು ತಿರುಗುಮುರುಗಾಗಿ ಕೂರಿಸಿದ್ದೀಯ, ನನ್ನ ರಾಣಿ. ಹಿಂದಿನ ಮೈ ಮುಂದಕ್ಕೆ. ಗೋಡೆ ಗಡಿಯಾರವನ್ನು ಹಿಂದಿನಿಂದ ನೋಡಿದ ಹಾಗೆ. ಹನ್ನೆರಡರಿಂದ ಆರಕ್ಕೆ ಎಳೆದ ಗೆರೆ ಇದ್ದಲ್ಲೇ ಇರುತ್ತದೆ, ಮೂರರಿಂದ ಒಂಬತ್ತಕ್ಕೆ ಎಳೆದದ್ದೂ ಇದ್ದಲ್ಲೇ ಇರುತ್ತದೆ. ಓರೆ ಗೆರೆ ಮಾತ್ರ ಆ ಕಡೆಗೆ ವಾಲಿದ್ದು ಈ ಕಡೆಗೆ ಕಾಣುತ್ತದೆ. ಆ ಮೂರು ರಾತ್ರಿ ಮೊಂಡನ ಗೆರೆ ಓರೆಯಾಗಿತ್ತು, ಅರ್ಧಕ್ಕರ್ಧ ವಾಲಿತ್ತು. ಹಾಗಾಗಿ ನೇರ ಇದ್ದದ್ದು ನಿನಗೆ ಅಡ್ಡ ಕಂಡಿತು. ಧ್ರುವಣ ಇಲ್ಲದ ನಕ್ಷತ್ರವನ್ನು ಹಿಂದಿನಿಂದ ನೋಡಿದರೂ ಸೊನ್ನೆ, ಮುಂದಿನಿಂದ ನೋಡಿದರೂ ಸೊನ್ನೆ. ಎರಡನೆಯ ನಕ್ಷತ್ರ ನೋಡಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಮೊಂಡ ತಿರುಗಿಲ್ಲ! ಇಪ್ಪತ್ತಾರರಲ್ಲೂ ಹಠ ಹಿಡಿದು ನೇರವಾಗಿಯೇ ಇದ್ದಾನೆ. ನನ್ನ ಹನ್ನೊಂದೂ ಸರಿ. ಇದು ಈಗ ಪ್ರಪಂಚದಲ್ಲಿ ನನಗೊಬ್ಬಳಿಗೆ ಗೊತ್ತು.

ಖುಷಿಯಾಯಿತು. ನನ್ನ ಕಲ್ಲಿಗಾಗಿ ಆದ ಖುಷಿ ಅರ್ಧ, ನೀನು ತಪ್ಪಿದ್ದಕ್ಕೆ ಆದದ್ದು ಇನ್ನರ್ಧ. ಬಹುಶಃ ಎರಡನೆಯದೇ ಹೆಚ್ಚು. ಏಪ್ರಿಲ್ ಇಪ್ಪತ್ತಕ್ಕೆ ನೀನು ಎಲ್ಲರೆದುರು ನಿಂತು ಅಕ್ಕನ ಹಳೆ ಯಂತ್ರ ತಪ್ಪಿತು ಎಂದು ಹೇಳು. ಇಪ್ಪತ್ತೊಂದಕ್ಕೆ ನಾನು ಹೇಳುತ್ತೇನೆ. ನಾಲ್ಕು ಮೀಟರ್ ಕನ್ನಡಿಯವರು ಯಾರನ್ನು ಆರಿಸಿಕೊಂಡರು, ಯಾರನ್ನು ಬಿಟ್ಟರು ಎಂಬುದನ್ನು ಆಮೇಲೆ ಕೂತು ಯೋಚಿಸಲಿ.

*

ಮಾರ್ಚ್ 9

ಪ್ರೀತಿಯ ತಂಗಿಗೆ,

ನಿನ್ನ ಕಾಗದ ತಲುಪಿತು. ಬೇಸರ ಮಾಡಿಕೊಳ್ಳಬೇಡ. ವಿಜ್ಞಾನದಲ್ಲಿ ಅಕ್ಕ ತಂಗಿ ಎಂದು ಇಲ್ಲ. ದೊಡ್ಡ ಕನ್ನಡಿ ಹೇಳಿದ್ದನ್ನು ಚಿಕ್ಕ ಕನ್ನಡಿ ಒಪ್ಪಿಕೊಳ್ಳಬೇಕು. ಇಷ್ಟು ಕಡಿಮೆ ಸಮಯದಲ್ಲಿ ಇಷ್ಟು ಅಚ್ಚುಕಟ್ಟಾಗಿ ಅಳೆದಿದ್ದೀಯ, ನಿನ್ನ ಬಗ್ಗೆ ಹೆಮ್ಮೆಯಾಗುತ್ತದೆ. ಸಭೆಯಲ್ಲಿ ಧೈರ್ಯವಾಗಿ ಹೇಳು. ನನ್ನ ಹೆಸರು ಎಲ್ಲಿಯೂ ಬೇಕಾಗಿಲ್ಲ.

ಅಮ್ಮನ ಕಣ್ಣಿನ ಆಪರೇಷನ್ ಆಯಿತು. ಸ್ವಲ್ಪ ಸೋಂಕಾಯಿತೆಂದು ಪಟ್ಟಿ ಬಿಚ್ಚಿಲ್ಲ, ಇನ್ನು ಕೆಲವು ವಾರ ಓದುವ ಹಾಗಿಲ್ಲ. ನಿನ್ನ ಕಾಗದಗಳನ್ನು ನಾನೇ ಓದಿ ಹೇಳುತ್ತಿದ್ದೇನೆ.

ಅಕ್ಕ

*

ಮಾರ್ಚ್ 21

ಅಕ್ಕಾ,

ಹೆಮ್ಮೆಯಾಗುತ್ತದೆ ಎಂದು ಬರೆದಿದ್ದೀಯ. ಮೂವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ.

ನಾನೂ ಒಂದು ಹೇಳುತ್ತೇನೆ. ನಿನಗೆ ಮಾತ್ರ ಹೊಟ್ಟೆಕಿಚ್ಚು ಇರುವುದೆಂದು ತಿಳಿದಿದ್ದೀಯಲ್ಲ, ನನಗೂ ಇದೆ, ಮೊದಲಿಂದ ಇದೆ. ನಿನ್ನ ಬೆರಳುಗಳ ಮೇಲೆ ಇದೆ. ತಿರುಪು ಸಡಿಲವಾಗಿದ್ದರೆ ನಿನಗೆ ಮುಟ್ಟುವ ಮೊದಲೇ ಗೊತ್ತಾಗುತ್ತದೆ, ನನಗೆ ಅದು ಕಳಚಿ ಬಿದ್ದ ಮೇಲೆ ಗೊತ್ತಾಗುತ್ತದೆ. ಸಂದರ್ಶನದಲ್ಲಿ ಅವರು ಕೇಳಿದ್ದಕ್ಕೆಲ್ಲ ನೀನು ಹೇಳಿಕೊಟ್ಟದ್ದನ್ನೇ ಹೇಳಿದೆ. ನೀನು ಒರಟಾಗಿ ಮಾತಾಡಿದೆ, ನಾನು ನಯವಾಗಿ ಮಾತಾಡಿದೆ. ಇಷ್ಟೇ ವ್ಯತ್ಯಾಸ. ಇಲ್ಲಿ ಯಾರಾದರೂ ನನ್ನನ್ನು ಹೊಗಳಿದರೆ ಅದು ನಿನಗೆ ಸೇರಬೇಕಾದದ್ದು, ದಾರಿ ತಪ್ಪಿ ನನಗೆ ಬಂತು ಎನಿಸುತ್ತದೆ. ಜೊತೆಗೆ ಅಮ್ಮ ನಿನ್ನ ಹತ್ತಿರ ಇದ್ದಾಳೆ.

ಈಗ ಒಂದು ಕೇಳುತ್ತೇನೆ, ನೇರವಾಗಿ ಉತ್ತರ ಕೊಡು. ನನ್ನ ಮೂರು ರಾತ್ರಿಯ ಅಂಕಿಗಳನ್ನು ನೀನು ಕೂತು ನೋಡಿದೆಯಾ? ಅದರಲ್ಲಿ ಏನಾದರೂ ಐಬು ಕಂಡಿತಾ? ನಿರ್ದೇಶಕಿ ಏನೇ ಹೇಳಲಿ, ನೀನು ನೋಡಿ ಸರಿ ಎಂದರೆ ಮಾತ್ರ ನನಗೆ ಸಮಾಧಾನ. ಒಂದೇ ಸಾಲು ಬರೆದರೆ ಸಾಕು.

ಬಾಲಂಗೋಚಿ

*

ಏಪ್ರಿಲ್ 1

ತಂಗಿಗೆ,

ನೋಡಿದೆ. ಸರಿ ಇದೆ.

ಅಕ್ಕ

*

ಏಪ್ರಿಲ್ 5

ಬಾಲಂಗೋಚಿಗೆ,

ಹೋದ ಕಾಗದದಲ್ಲಿ ಬರೆದದ್ದು ಸುಳ್ಳು. ಸರಿ ಇಲ್ಲ. ತಟ್ಟೆ ತಿರುಗುಮುರುಗಾಗಿದೆ. ಇದರ ಜೊತೆ ಮಾರ್ಚ್ ಎಂಟರಂದು ಬರೆದು ಕಳಿಸದೆ ಇಟ್ಟುಕೊಂಡಿದ್ದ ಕಾಗದವೂ ಇದೆ. ಲೆಕ್ಕವೆಲ್ಲ ಅದರಲ್ಲಿದೆ, ನಾನು ಎಂಥವಳು ಎಂಬುದೂ ಅದರಲ್ಲೇ ಇದೆ. ಒಂದು ಸಾಲನ್ನೂ ಹೊಡೆದುಹಾಕಿಲ್ಲ. ಧ್ರುವಣಮಾಪಕದ ಪೆಟ್ಟಿಗೆ ಬಿಚ್ಚಿಸಿ ತಟ್ಟೆಯ ಅಂಚಿನ ಗುರುತು ಯಾವ ಕಡೆಗಿದೆ ನೋಡು. ಸಭೆಗೆ ಇನ್ನೂ ಹದಿನೈದು ದಿನ ಇದೆ, ಇದು ಎಂಟು ದಿನದಲ್ಲಿ ತಲುಪುತ್ತದೆ. ನಿನ್ನೆ ಮೂರು ಸಲ ಫೋನು ಮಾಡಿದೆ. ಮೂರು ಸಲವೂ ನೀನು ಎತ್ತಿ "ಹಲೋ" ಎಂದಾಗ ಇಟ್ಟುಬಿಟ್ಟೆ. ಬಾಯಿಂದ ಹೇಳಲಾಗಲಿಲ್ಲ.

ಏನಾಯಿತೆಂದು ಹೇಳುತ್ತೇನೆ. ನಿನ್ನ ಹೋದ ಕಾಗದವನ್ನು ಅಮ್ಮನಿಗೆ ಓದುವಾಗ ಕೊನೆಯ ಪ್ಯಾರಾ ಬಿಟ್ಟು ಓದಿದ್ದೆ. ಪಟ್ಟಿ ಕಟ್ಟಿದ ಕಣ್ಣಿಗೆ ಏನು ಗೊತ್ತಾಗುತ್ತದೆ ಎಂಬ ಧೈರ್ಯ. ನಿನ್ನೆ ಪಟ್ಟಿ ಬಿಚ್ಚಿದರು. ಮನೆಗೆ ಬಂದವಳು ಕನ್ನಡಿಯನ್ನೂ ನೋಡಿಕೊಳ್ಳಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಕಪಾಟಿನಿಂದ ನಿನ್ನ ಕಾಗದ ತೆಗೆದು ಕಿಟಕಿಯ ಹತ್ತಿರ ಕೂತಳು. ಅದಕ್ಕೂ ನನಗೆ ಚುಚ್ಚಿತು, ನೋಡು.

ಓದಿ ಮುಗಿಸಿ, "ಕೊನೇದನ್ನ ನೀನು ಓದ್ಲೇ ಇಲ್ವಲ್ಲ" ಎಂದಳು. ಅಂಕಿ ಸರಿ ಇದೆಯಾ ಎಂದು ಕೇಳಿದಳು. ನಾನು ಅವಳ ಔಷಧದ ಬಾಟಲಿಗಳನ್ನು ಸಾಲಾಗಿ ಜೋಡಿಸತೊಡಗಿದೆ. ಅವಳಿಗೆ ಧ್ರುವಣವೂ ಗೊತ್ತಿಲ್ಲ, ತಟ್ಟೆಯೂ ಗೊತ್ತಿಲ್ಲ. ನಾನು ಗೊತ್ತು.

ಆಮೇಲೆ ಅವಳು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. "ಅವಳು ಹತ್ತು ತಿಂಗಳ ಮಗು ಇದ್ದಾಗ ನೀನು ಎರಡೂ ಕೈ ಹಿಡ್ಕೊಂಡು ನಡಿಸ್ತಿದ್ದೆ. ಒಂದಿನ ಮೆಟ್ಟಿಲ ಹತ್ರ ಬೇಕಂತ್ಲೇ ಕೈ ಬಿಟ್ಟೆ. ನಾನು ಒಳಗಿಂದ ನೋಡಿದೀನಿ. ಹಣೆ ಒಡೀತು ಅವಳಿಗೆ. ಆಗ ನಿಂಗೆ ಏಳು ವರ್ಷ, ಅದಕ್ಕೇ ಏನೂ ಅನ್ಲಿಲ್ಲ. ಈಗ ನಿಂಗೆ ನಲವತ್ತಾರು."

ಆ ದಿನ ನನಗೆ ನೆನಪಿದೆ. ಯಾರೂ ನೋಡಲಿಲ್ಲ ಎಂದೇ ಇಷ್ಟು ವರ್ಷ ತಿಳಿದಿದ್ದೆ.

ಕ್ಷಮಿಸು ಎಂದು ಕೇಳಲು ಬಾಯಿಲ್ಲ. ನಿನ್ನ ಕೆಲಸ ಉಳಿಯಲಿ. ಮೊಂಡನನ್ನು ನೀನೇ ಇಟ್ಟುಕೋ, ನಿನ್ನ ಹೆಸರಿನಲ್ಲೇ ಹೇಳು. ಇದನ್ನು ಬರೆಯುವಾಗಲೂ ಹೊಟ್ಟೆಯಲ್ಲಿ ಉರಿಯುತ್ತಿದೆ, ಉರಿಯುತ್ತಲೇ ಬರೆಯುತ್ತಿದ್ದೇನೆ.

ಅಕ್ಕ

*

ಏಪ್ರಿಲ್ 23

ಅಕ್ಕಾ,

ಸಭೆ ಮುಗಿಯಿತು. ಮೊಂಡ ಅಪರೂಪದ ಜಾತಿಯವನೇ ಎಂದು ಹೇಳಿದೆ. ಮೊದಲು ಕಂಡವಳು ನೀನು, ಒಂದು ಮೀಟರ್ ಕನ್ನಡಿಯಲ್ಲಿ, ಹನ್ನೊಂದು ಸಲ. ನನ್ನ ಮೂರು ರಾತ್ರಿಗಳು ಅದನ್ನು ದೃಢಪಡಿಸಿದವು, ಅಷ್ಟೇ. ತಟ್ಟೆಯನ್ನು ನಾನೇ ತಪ್ಪಾಗಿ ಕೂರಿಸಿದ್ದನ್ನೂ ಮುಚ್ಚಿಡಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಿರ್ದೇಶಕಿ ನಗಲಿಲ್ಲ. ನನ್ನ ಕೆಲಸದ ಬಗ್ಗೆ ಇನ್ನೂ ಆರು ತಿಂಗಳು ನೋಡೋಣ ಎಂದಿದ್ದಾರೆ. ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ.

ಈಗ ನನ್ನ ಸರದಿ. ತಟ್ಟೆ ತಿರುಗುಮುರುಗಾಗಿದೆ ಎಂದು ನನಗೆ ಗೊತ್ತಾದದ್ದು ನಿನ್ನ ಕಾಗದದಿಂದ ಅಲ್ಲ. ಮಾರ್ಚ್ 14ಕ್ಕೇ ಗೊತ್ತಾಯಿತು. ಬೇರೆ ಯಾರೋ ತಮ್ಮ ನಕ್ಷತ್ರದ ದಿಕ್ಕು ಸರಿ ಬರುತ್ತಿಲ್ಲ ಎಂದು ದೂರು ಕೊಟ್ಟರು, ಪೆಟ್ಟಿಗೆ ಬಿಚ್ಚಿದರು, ಗುರುತು ಹಿಂದಕ್ಕಿತ್ತು. ಅವತ್ತೇ ಕೂತು ಮೂರು ರಾತ್ರಿಯನ್ನೂ ಸರಿಪಡಿಸಿದೆ. ನಾಲ್ಕು, ಏಳು, ಹತ್ತು ಮೂರೂ ಸೊನ್ನೆಯಾದವು. ಆಗ ನಿನಗೆ ಫೋನು ಮಾಡಬೇಕೆಂದು ಎದ್ದೆ. ಅಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ಈ ಮೂರು ಅಂಕಿ ಒಂದು ವಾರದಿಂದ ಅಕ್ಕನ ಮೇಜಿನ ಮೇಲಿರುತ್ತವೆ, ಅವಳ ಕಣ್ಣಿಗೆ ಬೀಳದೆ ಇರುತ್ತದೆಯೇ? ಕಾದೆ. ಮೂರನೆಯ ದಿನ ನಿನ್ನ ಕಾಗದ ಬಂತು. ನನ್ನನ್ನು ಬೈಯದೆ ಹೊಗಳಿದ್ದೆ. ಅದನ್ನು ಓದಿದ ಕೂಡಲೇ ನಿನಗೆ ಗೊತ್ತಿದೆ ಎಂದು ನನಗೂ ಗೊತ್ತಾಯಿತು.

ಹಾಗಿದ್ದೂ ಐಬು ಕಂಡಿತಾ ಎಂದು ಕೇಳಿದೆ. ಗೊತ್ತಿದ್ದೇ ಕೇಳಿದೆ, ಅಕ್ಕಾ. ನಿನಗೆ ಹೇಳಲು ಒಂದು ಅವಕಾಶ ಕೊಡೋಣ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ನಿಜ ಅದಲ್ಲ. ಚಿಕ್ಕಂದಿನಿಂದ ಎಲ್ಲದರಲ್ಲೂ ನೀನೇ ಸರಿ, ನಾನು ನಿನ್ನ ಬಾಲ. ಒಂದೇ ಒಂದು ಸಲ ನೀನು ನನಗಿಂತ ಕೆಟ್ಟವಳಾಗುವುದನ್ನು ಕಣ್ಣಾರೆ ನೋಡಬೇಕಿತ್ತು. ಆ ಪ್ರಶ್ನೆ ಬರೆದದ್ದು ನನ್ನ ಹೊಟ್ಟೆಕಿಚ್ಚು.

ನೋಡಿದೆ. ಏಪ್ರಿಲ್ 9ರ ಮಧ್ಯಾಹ್ನ ನಿನ್ನ ಒಂದು ಸಾಲಿನ ಕಾಗದ ಬಂತು. ಗೆದ್ದೆ ಎಂದು ಅನಿಸಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡೆ, ಕೆಲಸಕ್ಕೆ ಹೋಗಲಿಲ್ಲ. ಎರಡನೆಯದು ಬಂದದ್ದು 13ಕ್ಕೆ. ಆ ನಾಲ್ಕು ದಿನ ನನಗೆ ಅಕ್ಕ ಇರಲಿಲ್ಲ. ನಿನಗೆ ಮಾತ್ರ ಇದೆಲ್ಲದರ ನಡುವೆಯೂ, ಬೇಕಾಗಲಿ ಬೇಡವಾಗಲಿ, ತಂಗಿ ಇದ್ದೇ ಇದ್ದಳು.

ಲೇಖನ ನಿನ್ನೆ ಕಳಿಸಿದೆ. ನಿನ್ನ ಹೆಸರು ಮೊದಲಿದೆ, ನನ್ನದು ಅದರ ಕೆಳಗಿದೆ. ಪ್ರೀತಿಯಿಂದ ಹಾಕಿದಳು ಎಂದುಕೊಳ್ಳಬೇಡ. ಅದು ನ್ಯಾಯ, ಅದನ್ನು ತಡ ಮಾಡುವ ಹಾಗಿರಲಿಲ್ಲ. ಪ್ರೀತಿಗೆ ಇನ್ನೂ ಸ್ವಲ್ಪ ದಿನ ಬೇಕು. ನಿನಗೂ ಬೇಕಾಗಬಹುದು.

ತಂಗಿ